ಮೂರು ಕಾಲದ ಛಾವಣಿಗೆ ಒಂದೇ ಲೇಪನ ಬಳಿಸಿ ನಾವು ಕಳೆದುಕೊಂಡದ್ದು

ನಮ್ಮ ಮನೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಮುಂಭಾಗ ಮಾವನವರ ತಂದೆಯ ಕಾಲದ್ದು. ಸುಣ್ಣದ ಗಾರೆಯ ಗೋಡೆಗಳು, ಅವುಗಳ ಮೇಲೆ ಮರದ ಪಕಾಸಿ (ಇಳಿಜಾರಾಗಿ ಕೂರುವ ತೊಲೆ), ಪಕಾಸಿಯ ಮೇಲೆ ರೀಪು (ಅಡ್ಡಲಾಗಿ ಹೊಡೆದ ಮರದ ಪಟ್ಟಿ), ರೀಪಿನ ಮೇಲೆ ಹೆಂಚು. ನಡುವಿನ ಎರಡು ಕೋಣೆಗಳಿಗೆ ಮಾವನವರು ಹಾಕಿಸಿದ ಕಾಂಕ್ರೀಟ್ ತಾರಸಿಯಿದೆ. ಹಿಂಬದಿಗೆ ನಾವು ಹಾಕಿಸಿದ್ದು ಸತುವಿನ ಲೇಪನವಿರುವ ಕಬ್ಬಿಣದ ಶೀಟು. ಈ ಮೂರೂ ಮಳೆಯನ್ನು ಮೂರು ರೀತಿಯಲ್ಲಿ ತಡೆಯುತ್ತವೆ, ಮೂರು ರೀತಿಯಲ್ಲಿ ಹಾಳಾಗುತ್ತವೆ. ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಒಬ್ಬ ಗುತ್ತಿಗೆದಾರನಿಗೆ ಇಡೀ ಛಾವಣಿಯನ್ನು ಒಪ್ಪಿಸಿದ್ದರಿಂದ ಆದ ಹಾನಿಯನ್ನು ವಿವರವಾಗಿ ಬರೆಯುತ್ತಿದ್ದೇನೆ. ಛಾವಣಿ ರಿಪೇರಿಗೆ ಜನ ಹುಡುಕುತ್ತಿರುವವರು, ಅದರಲ್ಲೂ ಹಳೆಯ ಮನೆಯಿರುವವರು, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕು.

ಮಳೆಗಾಲಕ್ಕೆ ಮುಂಚೆ ಬಿದ್ದ ಒಂದು ಜೋರು ಮಳೆಗೆ ನಡುಕೋಣೆಯಲ್ಲಿ ನೀರು ತೊಟ್ಟಿಕ್ಕಿತು. ಎರಡು ದಿನ ಕಳೆಯುವಷ್ಟರಲ್ಲಿ ಆ ಗುತ್ತಿಗೆದಾರ ತಾನಾಗಿಯೇ ಬಾಗಿಲಿಗೆ ಬಂದ. ರಸ್ತೆಯಲ್ಲಿ ನಿಂತು ಹೆಂಚನ್ನು ನೋಡಿದ, ಏಣಿ ಹತ್ತಿ ತಾರಸಿಯ ಅಳತೆ ತೆಗೆದುಕೊಂಡ, ಇಳಿದು ಬಂದು ಚದರಡಿಯ ಲೆಕ್ಕದಲ್ಲಿ ದರ ಹೇಳಿದ. ಒಳಗೆ ಬಂದು ಅಟ್ಟ ನೋಡಿ ಎಂದು ನಾನು ಕರೆದಾಗ, “ಮೇಲಿನಿಂದ ಮುಚ್ಚಿದರೆ ಮುಗಿಯಿತಲ್ಲ ಅಕ್ಕಾ, ಒಳಗೆ ನೋಡುವುದೇನಿದೆ” ಎಂದ. ಮನೆಯ ಯಾವ ಭಾಗ ಯಾವಾಗ ಕಟ್ಟಿದ್ದು ಎಂದು ಒಮ್ಮೆಯೂ ಕೇಳಲಿಲ್ಲ. ಹತ್ತು ವರ್ಷದ ಗ್ಯಾರಂಟಿ, ಇವತ್ತೇ ಒಪ್ಪಿದರೆ ರಿಯಾಯಿತಿ, ನಾಳೆ ಆಳುಗಳು ಬೇರೆ ಕಡೆಗೆ ಹೋಗುತ್ತಾರೆ ಎಂಬ ಮಾತುಗಳಿಗೆ ನಾವು ಒಪ್ಪಿಬಿಟ್ಟೆವು. ಸೋರುವ ಮನೆಯಲ್ಲಿ ಕುಳಿತವರಿಗೆ ಅವಸರ ಸಹಜ. ಆ ಅವಸರವನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದ.

ಅತಿ ಹೆಚ್ಚು ಕೆಟ್ಟದ್ದು ಹೆಂಚಿನ ಭಾಗ. ವಾಸ್ತವವಾಗಿ ಅಲ್ಲಿ ಸೋರಿಕೆಯೇ ಇರಲಿಲ್ಲ. ನಾಲ್ಕೈದು ಹೆಂಚು ಬಿರುಕು ಬಿಟ್ಟಿದ್ದವು, ಅವನ್ನು ಬದಲಿಸಿದ್ದರೆ ಸಾಕಿತ್ತು. ಅವನ ಆಳುಗಳು ಹೆಂಚಿನ ಸಂದುಗಳಿಗೆಲ್ಲ ಸಿಮೆಂಟ್ ಗಾರೆ ತುಂಬಿ, ಅದರ ಮೇಲೆ ರಬ್ಬರಿನಂತೆ ಗಟ್ಟಿಯಾಗುವ ಲೇಪನವನ್ನು ಎರಡು ಸಲ ಬಳಿದರು. ನೋಡುವುದಕ್ಕೆ ಹೊಸ ಛಾವಣಿಯಂತೆಯೇ ಕಾಣುತ್ತಿತ್ತು. ಆದರೆ ಹೆಂಚಿನ ಛಾವಣಿ ನೀರನ್ನು ತಡೆಯುವುದು ಬಿಗಿಯಾಗಿ ಮುಚ್ಚಿಕೊಂಡು ಅಲ್ಲ. ಇಳಿಜಾರು ನೀರನ್ನು ಬೇಗ ಹರಿಸುತ್ತದೆ, ಒಂದರ ಮೇಲೊಂದು ಕುಳಿತ ಹೆಂಚು ಅದನ್ನು ಕೆಳಗಿನ ಹೆಂಚಿಗೆ ದಾಟಿಸುತ್ತದೆ, ಸಂದುಗಳ ಮೂಲಕ ಆಡುವ ಗಾಳಿ ಉಳಿದ ತೇವವನ್ನು ಒಣಗಿಸುತ್ತದೆ. ಸುಟ್ಟ ಮಣ್ಣು ಸ್ವಲ್ಪ ನೀರನ್ನು ಹೀರಿಕೊಂಡೇ ತೀರುತ್ತದೆ. ಅದು ಮಳೆ ನಿಂತ ಮೇಲೆ ಆರಿಹೋಗಬೇಕು. ಮನೆಯೊಳಗಿನ ಅಡುಗೆಯ ಹಬೆ, ಬಚ್ಚಲಿನ ಹಬೆ, ನಮ್ಮ ಉಸಿರಿನ ತೇವ ಕೂಡ ಮೇಲೇರಿ ಅದೇ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಸಂದು ಮುಚ್ಚಿದ ಮೇಲೆ ಆ ತೇವವೆಲ್ಲ ತಣ್ಣನೆಯ ಹೆಂಚಿನ ಅಡಿಯಲ್ಲಿ ಹನಿಗಟ್ಟಿ ರೀಪಿಗೂ ಪಕಾಸಿಗೂ ಇಳಿಯತೊಡಗಿತು. ಇತ್ತ ಗಾರೆ ತುಂಬಿದ ಸಂದುಗಳಲ್ಲಿ ಕೂದಲೆಳೆಯ ಬಿರುಕುಗಳು ಮೂಡಿದವು. ಅವುಗಳಲ್ಲಿ ಹೊಕ್ಕ ನೀರಿಗೆ ಹೊರಗೆ ಆರಿಹೋಗುವ ದಾರಿಯಿರಲಿಲ್ಲ.

ಮರದಲ್ಲಿ ತೇವಾಂಶ ಶೇಕಡಾ 20ರ ಒಳಗಿದ್ದರೆ ಸಾಮಾನ್ಯವಾಗಿ ಬೂಷ್ಟು ಅದನ್ನು ತಿನ್ನುವುದಿಲ್ಲ. ಅದನ್ನು ಮೀರಿ ಬಹುಕಾಲ ಹಸಿಯಾಗಿಯೇ ಉಳಿದರೆ ಎಂತಹ ಗಟ್ಟಿ ಮರವೂ ಮೆತ್ತಗಾಗುತ್ತದೆ. ಮೊದಲ ಮಳೆಗಾಲದಲ್ಲಿ ನಮಗೆ ಬಂದದ್ದು ಮುಗ್ಗಲು ವಾಸನೆ ಮಾತ್ರ. ಎರಡನೆಯ ಮಳೆಗಾಲದ ಕೊನೆಯಲ್ಲಿ ಅಟ್ಟ ಹತ್ತಿ ನೋಡಿದರೆ ರೀಪುಗಳ ಮೇಲೆ ಬಿಳಿಯ ಬೂಷ್ಟು ಜೇಡರ ಬಲೆಯಂತೆ ಹರಡಿತ್ತು. ಗೋಡೆಯೊಳಗೆ ಕೂರುವ ಪಕಾಸಿಯ ತುದಿಯನ್ನು ಬೆರಳಿನಿಂದ ಒತ್ತಿದೆ. ಉಗುರು ಒಳಗೆ ಇಳಿಯಿತು. ಮೂರು ತಲೆಮಾರು ಹೊತ್ತು ನಿಂತಿದ್ದ ಮರ ಎರಡೇ ವರ್ಷಗಳಲ್ಲಿ ಹಾಗಾದದ್ದನ್ನು ಕಂಡು ನನಗೆ ಆದ ಸಂಕಟವನ್ನು ಹೇಳಲಾರೆ. ಇನ್ನೊಂದು ತೊಂದರೆ ಬಿಚ್ಚುವಾಗ ತಿಳಿಯಿತು: ಗಾರೆ ಮತ್ತು ಲೇಪನ ಸೇರಿ ಹೆಂಚುಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದ್ದರಿಂದ, ಒಂದನ್ನು ತೆಗೆಯಲು ಹೋದರೆ ಪಕ್ಕದವು ಒಡೆಯುತ್ತಿದ್ದವು. ಗಟ್ಟಿಯಾಗಿದ್ದ ಹೆಂಚುಗಳಲ್ಲಿ ಅರ್ಧದಷ್ಟನ್ನೂ ಉಳಿಸಿಕೊಳ್ಳಲು ಆಗಲಿಲ್ಲ.

ತಾರಸಿಯ ಕಥೆ ಬೇರೆ, ಕಾರಣ ಮಾತ್ರ ಅದೇ. ಅಲ್ಲಿ ಹಳೆಯ ಗಾರೆಯ ಪದರ ಅಲ್ಲಲ್ಲಿ ಬಿರಿದು, ಅದರೊಳಗೆ ನೀರು ನಿಂತಿತ್ತು. ತಟ್ಟಿದರೆ ಟೊಳ್ಳು ಸದ್ದು ಬರುವ ಜಾಗಗಳನ್ನು ಒಡೆದು ತೆಗೆದು, ಒಣಗಲು ಬಿಟ್ಟು, ಇಳಿಜಾರು ಸರಿಪಡಿಸಿ, ಆಮೇಲೆ ಲೇಪನಕ್ಕೆ ಕೈ ಹಾಕಬೇಕಿತ್ತು. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದದ್ದೇ ಸಾಕೆಂದು ಹಸಿಯ ಮೇಲೆಯೇ ಬಳಿದರು. ಮೇಲ್ಮೈ ಒಣಗಿದಂತೆ ಕಂಡರೂ ಒಳಗಿನ ತೇವ ಹಾಗೆಯೇ ಇರುತ್ತದೆ. ಬಿಸಿಲಿಗೆ ಅದು ಆವಿಯಾಗಿ ಲೇಪನವನ್ನು ಕೆಳಗಿನಿಂದ ನೂಕುತ್ತದೆ. ಬೇಸಿಗೆ ಮುಗಿಯುವುದರೊಳಗೆ ಅಂಗೈಯಗಲದ ಗುಳ್ಳೆಗಳೆದ್ದು ಒಡೆದವು. ನೀರು ಹರಿದುಹೋಗುವ ಕೊಳವೆಯ ಬಾಯಿಗೂ ದಪ್ಪವಾಗಿ ಬಳಿದು ಅದನ್ನು ಕಿರಿದಾಗಿಸಿದ್ದರು. ತಾರಸಿಯಲ್ಲಿ ಪ್ರತಿ ಮೀಟರಿಗೆ ಸುಮಾರು 1 ಸೆಂಟಿಮೀಟರ್ ಇಳಿಜಾರಾದರೂ ಇರಬೇಕು. ನಮ್ಮಲ್ಲಿ ಒಂದು ಮೂಲೆ ತಗ್ಗಾಗಿಯೇ ಉಳಿಯಿತು. ಒಂದು ಚದರ ಮೀಟರ್ ಜಾಗದಲ್ಲಿ 1 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 10 ಕಿಲೋ. ತೂಕಕ್ಕಿಂತಲೂ ಕೆಡುಕು, ಆ ನೀರು ವಾರಗಟ್ಟಲೆ ಕೆಳಗಿಳಿಯುವ ದಾರಿ ಹುಡುಕುತ್ತಲೇ ಇರುವುದು.

ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಂಬಿಗಳನ್ನು ತುಕ್ಕಿನಿಂದ ಕಾಯುತ್ತದೆ. ವರ್ಷಗಳು ಉರುಳಿದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಆ ಗುಣವನ್ನು ಕುಗ್ಗಿಸುತ್ತದೆ. ಹಾಗಾಗಿ ಹಳೆಯ ತಾರಸಿಯೊಳಗೆ ನೀರನ್ನು ಕೂಡಿಹಾಕುವುದು ಹೊಸದರಲ್ಲಿ ಕೂಡಿಹಾಕುವುದಕ್ಕಿಂತ ಅಪಾಯಕಾರಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕೆಳಗಿನ ಸಿಮೆಂಟ್ ಹೊದಿಕೆ ಸಿಡಿಯುತ್ತದೆ. ನಮ್ಮಲ್ಲಿ ಒಂದು ರಾತ್ರಿ ಎರಡು ಅಂಗೈಯಷ್ಟು ದೊಡ್ಡ ಚೂರು ಅತ್ತೆಯವರ ಮಂಚದ ಕಾಲುಬದಿಗೆ ಬಿತ್ತು. ತಲೆಯ ಬದಿಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದ ದಿನ ಇಲ್ಲ. ಛಾವಣಿಯ ಅಡಿಯಲ್ಲಿ ಕಂಬಿಯ ಗೆರೆಯುದ್ದಕ್ಕೂ ಬಿರುಕೋ ಕಂದು ಕಲೆಯೋ ಕಂಡರೆ, ಅದು ಬಣ್ಣ ಬಳಿಯುವವರ ಕೆಲಸವಲ್ಲ; ಕಟ್ಟಡದ ಬಲ ನೋಡಬಲ್ಲ ಎಂಜಿನಿಯರನ್ನು ಕರೆಸಬೇಕು, ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬಾರದು.

ಶೀಟಿನ ಭಾಗದಲ್ಲಿ ಸವೆದ ವಾಷರುಗಳನ್ನು ಬದಲಿಸದೆ ಸ್ಕ್ರೂಗಳ ತಲೆಗೆ ಅದೇ ಲೇಪನ ಮೆತ್ತಿದ್ದರು. 6 ಮೀಟರ್ ಉದ್ದದ ಕಬ್ಬಿಣದ ಶೀಟು ರಾತ್ರಿಯ ತಂಪಿನಿಂದ ಮಧ್ಯಾಹ್ನದ ಬಿಸಿಗೆ 40 ಡಿಗ್ರಿ ಏರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ಸಂಜೆಗೆ ಮತ್ತೆ ಕುಗ್ಗುತ್ತದೆ. ಪ್ರತಿದಿನದ ಈ ಎಳೆದಾಟಕ್ಕೆ ಮೆತ್ತಿದ್ದೆಲ್ಲ ಬಿರಿದು ಕಿತ್ತುಬಂತು.

ನಮಗಿಂತ ಗಂಭೀರವಾದದ್ದು ಒಬ್ಬ ಬಂಧುಗಳ ಮನೆಯಲ್ಲಿ ನಡೆಯಿತು, ಅದನ್ನು ಹೇಳದೆ ಇರಲಾರೆ. ನಮ್ಮ ಮಾತು ನಂಬಿ ಅವರೂ ಅದೇ ಗುತ್ತಿಗೆದಾರನನ್ನು ಕರೆಸಿದ್ದರು. ಅವರದು ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಸಿಮೆಂಟಿನ ಶೀಟು. ಪಾಚಿ ತೆಗೆಯಲೆಂದು ಆಳುಗಳು ಒತ್ತಡದ ನೀರು ಹಾಯಿಸಿ ಉಜ್ಜಿದರು, ಕೊಳವೆಗಾಗಿ ಅಲ್ಲಲ್ಲಿ ಕೊರೆದರು. ಬಾಯಿಗೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ದಶಕಗಳ ಬಳಿಕವೂ ಕ್ಯಾನ್ಸರ್ ತರಬಲ್ಲವು. ಅನೇಕ ದೇಶಗಳು ಅದನ್ನು ನಿಷೇಧಿಸಿವೆ. ಹಳೆಯ ಸಿಮೆಂಟ್ ಶೀಟು ಕಲ್ನಾರಿನದೋ ಅಲ್ಲವೋ ಎಂದು ಖಚಿತವಾಗುವವರೆಗೆ ಅದನ್ನು ಕೊರೆಯಲು, ಕತ್ತರಿಸಲು, ಉಜ್ಜಲು ಯಾರಿಗೂ ಬಿಡಬೇಡಿ. ಆ ಹುಡುಗರು ಉಸಿರಾಡಿದ ಧೂಳಿನ ವಿಷಯದಲ್ಲಿ ನನ್ನ ಪಾಲಿನ ಹೊಣೆಯೂ ಇದೆ ಎಂದೇ ನಾನು ಭಾವಿಸುತ್ತೇನೆ.

ಕೆಲಸ ಒಪ್ಪಿಸುವ ಮೊದಲು ಅವನು ನಮಗೆ ಹಲವು ಛಾಯಾಚಿತ್ರಗಳನ್ನು ತೋರಿಸಿದ್ದ. ಆಮೇಲೆ ಗಮನಿಸಿದರೆ ಅವೆಲ್ಲ ಮಳೆ ಕಡಿಮೆಯಿರುವ ಒಣ ಪ್ರದೇಶದ ಮನೆಗಳು. ಒಣ ಸೆಕೆಯ ಊರಿನಲ್ಲಿ ಬಿಸಿಲನ್ನು ಹಿಂದಕ್ಕೆ ತಿರುಗಿಸುವ ಬಿಳಿಯ ಲೇಪನ ನಿಜಕ್ಕೂ ಉಪಕಾರಿ; ಅದೇ ಲೇಪನ ತಿಂಗಳುಗಟ್ಟಲೆ ತೇವ ಆರದ ಕಡೆ ಪಾಚಿ ಹಿಡಿದು ಸುಲಿಯುತ್ತದೆ. ಕಡಲ ಬದಿಯಲ್ಲಿ ಉಪ್ಪುಗಾಳಿ ಸ್ಕ್ರೂ, ಶೀಟು, ಕಂಬಿ ಮೂರನ್ನೂ ಬೇಗ ತಿನ್ನುತ್ತದೆ. ಹಿಮ ಬೀಳುವಲ್ಲಿ ಮನೆಯೊಳಗಿನ ಬಿಸಿಗೆ ಛಾವಣಿಯ ಮೇಲಿನ ಹಿಮ ಕರಗಿ, ತಣ್ಣಗಿರುವ ಸೂರಿನಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ, ಹಿಂದೆ ನಿಂತ ನೀರು ಹೊದಿಕೆಯ ಅಡಿಗೆ ನುಗ್ಗುತ್ತದೆ. ಆದ್ದರಿಂದ ನಿಮ್ಮಂಥದೇ ಹವೆಯಲ್ಲಿ, ನಿಮ್ಮಷ್ಟೇ ಹಳೆಯ ಮನೆಗೆ ಮಾಡಿದ, ಕನಿಷ್ಠ ಮೂರು ಮಳೆಗಾಲ ಕಂಡ ಕೆಲಸವನ್ನು ಸ್ವತಃ ಹೋಗಿ ನೋಡದೆ ಚಿತ್ರಗಳನ್ನು ನಂಬಬಾರದು.

ಗ್ಯಾರಂಟಿ ಪತ್ರದಲ್ಲಿ ಹತ್ತು ವರ್ಷ ಎಂದು ದಪ್ಪಕ್ಷರದಲ್ಲಿತ್ತು. ಅದು ಲೇಪನದ ಡಬ್ಬಿಗೆ ಮಾತ್ರ, ಬಳಿದ ಕೆಲಸಕ್ಕಲ್ಲ. “ಕಟ್ಟಡದ ಹಳೆಯ ದೋಷಗಳಿಂದಾದ ಸೋರಿಕೆ”ಯೂ ಅದರಲ್ಲಿ ಸೇರುವುದಿಲ್ಲ ಎಂಬುದು ಹಿಂಬದಿಯ ಸಣ್ಣ ಅಕ್ಷರದಲ್ಲಿತ್ತು. ಮೊದಲ ದೂರಿಗೆ ಬಂದು ಒಡೆದ ಗುಳ್ಳೆಗಳ ಮೇಲೆಯೇ ಮತ್ತೊಮ್ಮೆ ಬಳಿದು ಹೋದ. ಎರಡನೆಯದಕ್ಕೆ ಮನೆ ಹಳೆಯದು ಎಂದ. ಆಮೇಲೆ ಫೋನ್ ಎತ್ತಲಿಲ್ಲ.

ಈಗ ಕೆಲಸ ಮಾಡುತ್ತಿರುವ ಮೇಸ್ತ್ರಿಯವರು ಬಂದ ದಿನ ಏಣಿಯನ್ನೇ ಕೇಳಲಿಲ್ಲ. ನಡುಮಧ್ಯಾಹ್ನ ದೀಪಗಳನ್ನು ಆರಿಸಿ ಅಟ್ಟದಲ್ಲಿ ಕುಳಿತು, ಬೆಳಕು ಎಲ್ಲೆಲ್ಲಿ ಚುಕ್ಕೆಯಾಗಿ ಇಣುಕುತ್ತದೆ ಎಂದು ಗುರುತು ಹಾಕಿಕೊಂಡರು. ಪ್ರತಿ ಭಾಗದ ವಯಸ್ಸು ಕೇಳಿದರು. ಶೀಟಿನ ಮೇಲೆ ಕೆಳಗಿನ ಅಂಚಿನಿಂದ ಶುರುಮಾಡಿ ಒಂದೊಂದೇ ಪಟ್ಟಿಗೆ ಪೈಪಿನಿಂದ ನೀರು ಬಿಟ್ಟು, ಒಳಗೆ ಒಬ್ಬರನ್ನು ನಿಲ್ಲಿಸಿ, ಎಲ್ಲಿ ಹನಿಯುತ್ತದೆಂದು ನೋಡಿದರು. ನೀರು ಹೊಕ್ಕುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು ಎಂಬುದನ್ನು ನಾನು ಆಗಲೇ ಕಣ್ಣಾರೆ ಕಂಡದ್ದು. ಕೊಳೆತ ಪಕಾಸಿಗಳ ತುದಿ ಕತ್ತರಿಸಿ ಹೊಸ ಮರ ಕೂಡಿಸಿದ್ದಾರೆ, ಹೆಂಚುಗಳನ್ನು ಗಾರೆಯಿಲ್ಲದೆ ಹಾಗೆಯೇ ಜೋಡಿಸಿದ್ದಾರೆ. ನೆತ್ತಿಯ ಹೆಂಚಿಗೆ ಮಾತ್ರ ಸುಣ್ಣದ ಗಾರೆ.

ತಾರಸಿಯ ಹಳೆಯ ಪದರವನ್ನೆಲ್ಲ ಕಿತ್ತು, ಎಂಜಿನಿಯರರ ಸಲಹೆಯಂತೆ ಕಂಬಿಗಳ ತುಕ್ಕು ಉಜ್ಜಿ ತೆಗೆದು, ಸಿಡಿದ ಜಾಗಗಳನ್ನು ತುಂಬಿಸಿದ್ದೇವೆ. ಮೇಲಿನ ಲೇಪನ ಇನ್ನೂ ಆಗಿಲ್ಲ. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ತಾರಸಿಗೆ ಅಂಟಿಸಿ, 16 ಗಂಟೆ ಬಿಟ್ಟು ತೆಗೆದು ನೋಡಬೇಕೆಂದು ಮೇಸ್ತ್ರಿಯವರು ಹೇಳಿಕೊಟ್ಟಿದ್ದಾರೆ. ಹಾಳೆಯ ಅಡಿಯಲ್ಲಿ ಹನಿಯಿದ್ದರೆ, ಅಥವಾ ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ, ಒಳಗೆ ನೀರಿದೆ ಎಂದು ಅರ್ಥ. ಎರಡು ಸಲ ನೋಡಿದ್ದೇವೆ, ಎರಡು ಸಲವೂ ಹನಿ ಕಂಡಿತು. ಮುಂದಿನ ವಾರ ಮತ್ತೆ ಅಂಟಿಸುತ್ತೇವೆ. ಅತ್ತೆಯವರ ಮಂಚ ಅಲ್ಲಿಯವರೆಗೂ ಹೆಂಚಿನ ಕೋಣೆಯಲ್ಲೇ ಇರುತ್ತದೆ.