ಬುಷ್ ಮಾತ್ರವೋ, ಇಡೀ ಲೋವರ್ ಆರ್ಮೋ? ಕರಾವಳಿಯ ಹಳೆಯ ಕಾರಿನ ಸಸ್ಪೆನ್ಷನ್ ಕೆಲಸದ ಒಂದು ವಿಮರ್ಶೆ

ಹತ್ತು ವರ್ಷ ದಾಟಿದ ಸಣ್ಣ ಕಾರಿನ ಮುಂಭಾಗದಲ್ಲಿ, ಹಂಪ್ ಇಳಿಯುವಾಗಲೆಲ್ಲ ‘ಕಟ ಕಟ’ ಸದ್ದು ಕೇಳತೊಡಗಿದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ಸವೆದ ಬುಷ್ಷುಗಳನ್ನಷ್ಟೇ (ಕೀಲುಗಳಲ್ಲಿ ಕೂರುವ ರಬ್ಬರಿನ ಬಳೆಗಳು) ತೆಗೆದು ಹೊಸದನ್ನು ಪ್ರೆಸ್ ಮಾಡಿಸಿ, ಶಾಕ್ ಅಬ್ಸಾರ್ಬರುಗಳಿಗೆ ಎಣ್ಣೆ ತುಂಬಿಸಿದರೆ ಸಾಕು ಎನ್ನುವವರು ಕೆಲವರು; ಚಕ್ರವನ್ನು ಕಾರಿನ ಅಡಿಭಾಗಕ್ಕೆ ಜೋಡಿಸುವ ಲೋವರ್ ಆರ್ಮ್, ಶಾಕ್, ಮೌಂಟ್, ಲಿಂಕ್ ಎಲ್ಲವನ್ನೂ ಹೊಸದಾಗಿಯೇ ಹಾಕಬೇಕು ಎನ್ನುವವರು ಇನ್ನು ಕೆಲವರು. ಒಂದೇ ಕಾರಿನಲ್ಲಿ ಬೇರೆ ಬೇರೆ ಕಾಲಕ್ಕೆ ಈ ಎರಡು ದಾರಿಗಳನ್ನೂ ಹಿಡಿದು, ಕೈಲಾಗುವಷ್ಟು ಕೆಲಸವನ್ನು ಉಡುಪಿಯ ಮನೆಯ ಕಾರ್ ಶೆಡ್ಡಿನಲ್ಲೇ ಮಾಡಿ ನೋಡಿದ ಬಳಿಕ ಬರೆಯುತ್ತಿರುವ ವಿಮರ್ಶೆ ಇದು. ಕಾರಿನ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಎರಡೂ ಒಂದೇ ಕಂಬವಾಗಿ ಕೂಡಿದ್ದು), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರಗಳನ್ನು ಸೇರಿಸುವ ಅಡ್ಡತೊಲೆ). ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳ ವ್ಯವಸ್ಥೆಯೇ ಅದು. ಓಡಾಟ ಬಹುಪಾಲು ಉಡುಪಿ–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಆಗಾಗ ಹೆಬ್ರಿ ದಾಟಿ ಆಗುಂಬೆ ಘಾಟಿಯಲ್ಲಿ.

ಬಿಡಿಭಾಗದ ಬೆಲೆಯನ್ನು ನೋಡಿ ಈ ಆಯ್ಕೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಹಾಕಿದ ವಸ್ತು ಕೈಕೊಟ್ಟರೆ ಮತ್ತೆ ಎಷ್ಟು ಬಿಚ್ಚಬೇಕಾಗುತ್ತದೆ ಎಂಬುದನ್ನು ನೋಡಿ ಮಾಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಮಲ್ಪೆ–ಕಾಪುವಿನ ಉಪ್ಪುಗಾಳಿ ವರ್ಷವಿಡೀ ಬೀಸುವ ಈ ತೀರದಲ್ಲಿ ಬುಷ್ ಸವೆಯುವುದಕ್ಕಿಂತ ಮೊದಲೇ ಅದರೊಳಗಿನ ಕಬ್ಬಿಣದ ತೋಳಿಗೆ (ಸ್ಲೀವ್) ಬೋಲ್ಟು ತುಕ್ಕುಹಿಡಿದು ಅಂಟಿಕೊಂಡಿರುತ್ತದೆ. ಘಟ್ಟದ ಮೇಲಿನ ಒಣಹವೆಯಲ್ಲಿ ಸಲೀಸಾಗಿ ಮುಗಿಯುವ ಕೆಲಸ ಇಲ್ಲಿ ಬೋಲ್ಟಿನೊಂದಿಗಿನ ಗುದ್ದಾಟದಲ್ಲೇ ಕಳೆದುಹೋಗುತ್ತದೆ. ಹೀಗಾಗಿ ಒಮ್ಮೆ ಬಿಚ್ಚಿದ ಮೇಲೆ ಬಹುಕಾಲ ಆ ಕಡೆ ತಲೆಹಾಕುವ ಅಗತ್ಯ ಬೀಳಬಾರದು.

ಮೊದಲು ತಪಾಸಣೆ. ಕಾರಿನ ಮುಂಭಾಗವನ್ನು ಎತ್ತಿ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸುವಾಗ ಇನ್ನೊಬ್ಬರು ಬಾಲ್ ಜಾಯಿಂಟನ್ನು (ಆರ್ಮಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಗುಂಡುಕೀಲು) ಗಮನಿಸಬೇಕು. 3 ಮತ್ತು 9ರಲ್ಲಿ ಅಲುಗಿಸಿದರೆ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ತಲುಪಿಸುವ ಟೈ ರಾಡ್ ಎಂಡಿನ ಪ್ಲೇ (ಸಡಿಲ) ತಿಳಿಯುತ್ತದೆ. ಲೋವರ್ ಆರ್ಮಿನ ಬುಷ್ಷಿಗೆ ಸಣ್ಣ ಹಾರೆಯಂಥ ಸರಳು ಕೊಟ್ಟು ಮೀಟಿದಾಗ ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳಷ್ಟೇ ಕಂಡರೆ ಗಾಬರಿ ಬೇಡ. ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡು ಬೆಳಕು ಕಾಣುವಂತಿದ್ದರೆ ಮಾತ್ರ ಬದಲಿಸುವ ಹೊತ್ತು ಬಂದಿದೆ ಎಂದರ್ಥ. ಸದ್ದು ಬಂತೆಂದು ಈ ಪರೀಕ್ಷೆಯನ್ನೆಲ್ಲ ಬಿಟ್ಟು ನೇರವಾಗಿ ಶಾಕಿನ ಮೇಲೆ ದೋಷ ಹೊರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸಣ್ಣ ಗುಂಡಿಗಳಲ್ಲಿ ಬರುವ ಕಟಕಟ ಸದ್ದಿಗೆ ಹೆಚ್ಚಾಗಿ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳಿನ ಕೊಂಡಿ) ಕಾರಣವಾಗಿರುತ್ತದೆ.

ಮೊದಲ ಸಲ ನಾನು ಆರಿಸಿಕೊಂಡದ್ದು ಬಿಡಿ ಬುಷ್ಷುಗಳನ್ನು. ಒಂದು ಆರ್ಮಿಗೆ ಬೇಕಾದ ಎರಡು ಬುಷ್ಷುಗಳ ಬೆಲೆ, ಕಾರು ಕಂಪನಿಯ ಇಡೀ ಆರ್ಮಿನ ಬೆಲೆಯ ಐದನೇ ಒಂದು ಭಾಗದಷ್ಟೂ ಇರಲಿಲ್ಲ. ಆರ್ಮ್ ಬಿಚ್ಚಿದ ಮೇಲೆ ಹಳೆಯ ಬುಷ್ ಹೊರತೆಗೆಯಲು ಕೆಲವರು ರಬ್ಬರನ್ನು ಬೆಂಕಿಯಲ್ಲಿ ಸುಡುತ್ತಾರೆ. ಆ ಹೊಗೆ ಉಸಿರಿಗೆ ಕೆಟ್ಟದ್ದು, ಬಿಸಿಗೆ ಆರ್ಮಿನ ಬಣ್ಣ ಹೋಗುತ್ತದೆ, ಬಾಲ್ ಜಾಯಿಂಟಿನ ಗ್ರೀಸೂ ಕರಗುತ್ತದೆ. ನಾನು ಆರ್ಮುಗಳನ್ನು ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಗೆ ಒಯ್ದಾಗ ಅಲ್ಲಿನ ಹಿರಿಯ ಕೆಲಸಗಾರರು, “ಸುಡುವುದೆಲ್ಲ ಬೇಡ ಮಾರಾಯ್ರೆ, ಪ್ರೆಸ್ಸಿನಲ್ಲಿ ಬರ್ತದೆ” ಎಂದು ಹೇಳಿ, ಬುಷ್ಷಿನ ಹೊರತೋಳಿಗಿಂತ ಕೂದಲೆಳೆಯಷ್ಟು ಸಣ್ಣದಾದ ಪೈಪಿನ ತುಂಡೊಂದನ್ನು ಹುಡುಕಿ ಮೇಲಿಟ್ಟು ಹೈಡ್ರಾಲಿಕ್ ಪ್ರೆಸ್ಸನ್ನು ಇಳಿಸಿದರು. ತುಕ್ಕು ಬಿಡುವ ಒಂದು ‘ಟಪ್’ ಸದ್ದಿನ ಬಳಿಕ ಬುಷ್ ನಿಧಾನವಾಗಿ ಕೆಳಗಿಳಿಯಿತು. ಮನೆಯ ವೈಸಿನಲ್ಲಿ ಸಾಕೆಟ್ಟುಗಳನ್ನಿಟ್ಟು ಈ ಕೆಲಸ ಮಾಡಬಹುದಾದರೂ, ಹೊಸ ಬುಷ್ ಓರೆಯಾಗಿ ಕೂರುವ ಸಾಧ್ಯತೆ ಹೆಚ್ಚು. ಪ್ರೆಸ್ಸಿಗೆ ಕೊಡುವ ಕೂಲಿ ದಂಡವಲ್ಲ.

ಹೊಸ ಬುಷ್ ಕೂರಿಸುವಾಗ ಎರಡು ವಿಷಯಗಳನ್ನು ಮರೆತರೆ ಎಂಥ ಒಳ್ಳೆಯ ಬುಷ್ಷೂ ಬಾಳುವುದಿಲ್ಲ. ಆರ್ಮಿನ ಹಿಂಬದಿಯ ದೊಡ್ಡ ಬುಷ್ಷಿನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿರುತ್ತವೆ. ಬ್ರೇಕ್ ಹಾಕಿದಾಗ ಮತ್ತು ಗುಂಡಿಗೆ ಬಡಿದಾಗ ಚಕ್ರ ಎಷ್ಟು ಹಿಂದೆಮುಂದೆ ಸರಿಯಬಹುದು ಎಂಬುದನ್ನು ಅವು ನಿರ್ಧರಿಸುತ್ತವೆ. ಆದ್ದರಿಂದ ಹಳೆಯದನ್ನು ತೆಗೆಯುವ ಮೊದಲೇ ಅವು ಯಾವ ದಿಕ್ಕಿಗಿದ್ದವು ಎಂದು ಆರ್ಮಿನ ಮೇಲೆ ಗುರುತು ಹಾಕಿಕೊಳ್ಳಬೇಕು. ಎರಡನೆಯದು ಬೋಲ್ಟನ್ನು ಕೊನೆಯದಾಗಿ ಬಿಗಿಯುವ ಹೊತ್ತು. ಈ ಬುಷ್ಷಿನ ರಬ್ಬರು ಒಳತೋಳು, ಹೊರತೋಳು ಎರಡಕ್ಕೂ ಬೆಸೆದುಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಅದು ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬೋಲ್ಟು ಬಿಗಿದುಬಿಟ್ಟರೆ, ಕಾರನ್ನು ನೆಲಕ್ಕಿಳಿಸಿದ ಕ್ಷಣದಿಂದ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ ಮತ್ತು ಬೇಗನೆ ಹರಿಯುತ್ತದೆ. ಆದಕಾರಣ ಕಾರನ್ನು ಎತ್ತುವ ಮೊದಲೇ ಚಕ್ರದ ನಡುವಿನಿಂದ ಫೆಂಡರಿನ ಅಂಚಿನವರೆಗಿನ ಅಂತರವನ್ನು ಟೇಪಿನಲ್ಲಿ ಅಳೆದಿಟ್ಟುಕೊಂಡು, ಜೋಡಿಸುವಾಗ ಆರ್ಮಿನ ಹೊರತುದಿಗೆ ಜಾಕಿ ಕೊಟ್ಟು ಅದೇ ಅಂತರ ಬರುವವರೆಗೆ ಎತ್ತಿ, ಆಮೇಲೆ ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ತೋರಿಸುವ ಪಾನಾ) ಬಿಗಿಯುವುದು ಸರಿಯಾದ ಕ್ರಮ. ಅವಸರದ ಗ್ಯಾರೇಜುಗಳಲ್ಲಿ ಇಷ್ಟು ತಾಳ್ಮೆ ಅಪರೂಪ, ಮತ್ತು ಮನೆಯಲ್ಲಿ ಮಾಡಿದ ಕೆಲಸ ಗ್ಯಾರೇಜಿನದಕ್ಕಿಂತ ಮೇಲಾಗುವುದು ಇಲ್ಲೇ.

ಪಾಲಿಯುರೆಥೇನ್ ಬುಷ್ಷುಗಳನ್ನೂ ಕೆಲವರು ಹೊಗಳುತ್ತಾರೆ. ಅವು ಎಣ್ಣೆಗೆ ಹೆದರುವುದಿಲ್ಲ, ಬೇಗ ಸವೆಯುವುದೂ ಇಲ್ಲ. ಆದರೆ ಗಡಸಾದ್ದರಿಂದ ರಸ್ತೆಯ ಪ್ರತಿಯೊಂದು ಕಲ್ಲಿನ ಸುದ್ದಿಯನ್ನೂ ಸ್ಟೀರಿಂಗಿಗೆ ತಲುಪಿಸುತ್ತವೆ, ಸಿಲಿಕೋನ್ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತವೆ. ದಿನನಿತ್ಯದ ಕಾರಿಗೆ ರಬ್ಬರೇ ಲೇಸು. ಅದಕ್ಕೆ ಎಂಜಿನ್ ಆಯಿಲ್, ಡೀಸೆಲ್ ಸವರುವ ಅಭ್ಯಾಸ ಮಾತ್ರ ಬಿಡಬೇಕು. ನೈಸರ್ಗಿಕ ರಬ್ಬರು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಸುಳ್ಯ–ಬೆಳ್ತಂಗಡಿಯ ರಬ್ಬರ್ ತೋಟದವರಿಗೆ ಇದನ್ನು ಹೇಳಬೇಕಾಗಿಲ್ಲ.

ಬಿಡಿ ಬುಷ್ಷುಗಳ ಫಲಿತಾಂಶ ಚೆನ್ನಾಗಿಯೇ ಇತ್ತು. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುವುದು ನಿಂತಿತು, ಸ್ಟೀರಿಂಗ್ ಬಿಗಿಯಾಯಿತು. ತೊಡಕು ಬಂದದ್ದು ಬುಷ್ಷಿನಿಂದಲ್ಲ, ಅದೇ ಆರ್ಮಿನ ತುದಿಯಲ್ಲಿದ್ದ ಹಳೆಯ ಬಾಲ್ ಜಾಯಿಂಟಿನಿಂದ. ಬುಷ್ ಇನ್ನೂ ಗಟ್ಟಿಯಾಗಿರುವಾಗಲೇ ಬಾಲ್ ಜಾಯಿಂಟಿನ ರಬ್ಬರ್ ಬೂಟು (ಕೆಸರು ತಡೆಯುವ ಮುಸುಕು) ಹರಿದು, ಮಳೆಗಾಲದ ಕೆಸರುನೀರು ಒಳಹೊಕ್ಕು ಪ್ಲೇ ಬಂತು. ಈ ಕಾರಿನಲ್ಲಿ ಬಾಲ್ ಜಾಯಿಂಟ್ ಆರ್ಮಿನ ಭಾಗವಾಗಿಯೇ ಬರುವುದರಿಂದ ಇಡೀ ಆರ್ಮನ್ನು ಮತ್ತೆ ಬಿಚ್ಚಲೇಬೇಕಾಯಿತು. ಬಾಲ್ ಜಾಯಿಂಟಿನ ವಿಷಯದಲ್ಲಿ ರಿಪೇರಿ ಎಂಬ ಮಾತೇ ಸಲ್ಲ. ಪ್ಲೇ ಇಲ್ಲದ ಜಾಯಿಂಟಿನ ಬೂಟು ಹರಿದದ್ದು ಕೂಡಲೇ ಕಣ್ಣಿಗೆ ಬಿದ್ದರೆ ಒರೆಸಿ, ಗ್ರೀಸ್ ತುಂಬಿ ಹೊಸ ಬೂಟು ಹಾಕಬಹುದು. ಒಮ್ಮೆ ಪ್ಲೇ ಬಂದ ಮೇಲೆ ಗ್ರೀಸು ಸದ್ದನ್ನು ಅಡಗಿಸುತ್ತದೆಯೇ ಹೊರತು ಸವೆತವನ್ನಲ್ಲ. ಆಗುಂಬೆಯ ತಿರುವಿನಲ್ಲಿ ಜಾಯಿಂಟ್ ಕಳಚಿಕೊಂಡರೆ ಚಕ್ರ ಹೊರಕ್ಕೆ ಮಗುಚುತ್ತದೆ, ಸ್ಟೀರಿಂಗ್ ಇದ್ದೂ ಇಲ್ಲದಂತಾಗುತ್ತದೆ.

ಎರಡನೆಯ ಸಲ ಹಾಕಿದ್ದು ಎರಡೂ ಬದಿಗೆ ಇಡೀ ಆರ್ಮುಗಳನ್ನು. ಅಂಗಡಿಯಲ್ಲಿ ಒಂದೇ ಕಾರಿಗೆ ಮೂರು ದರದ ಆರ್ಮುಗಳು ಸಿಗುತ್ತವೆ: ಕಂಪನಿಯದ್ದು, ಹೆಸರುವಾಸಿ ಬಿಡಿಭಾಗ ತಯಾರಕರದ್ದು, ಹೆಸರೇ ಇಲ್ಲದ ಲೋಕಲ್ ಮಾಲು. ಮೂರನ್ನೂ ಗಾಜಿನ ಕೌಂಟರಿನ ಮೇಲೆ ಅಕ್ಕಪಕ್ಕ ಇಡಿಸಿ ನೋಡುವುದು ಒಳ್ಳೆಯದು. ಲೋಕಲ್ ಮಾಲಿನಲ್ಲಿ ವೆಲ್ಡಿಂಗಿನ ಅಂಚು ಒರಟಾಗಿತ್ತು, ಬೂಟನ್ನು ಹಿಡಿದಿಡುವ ತಂತಿಯ ಬಳೆ ಬೆರಳಿನಿಂದಲೇ ಜಾರುತ್ತಿತ್ತು, ಬಾಲ್ ಜಾಯಿಂಟಿನ ಸ್ಟಡ್ಡನ್ನು ತಿರುಗಿಸಿದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಒಳ್ಳೆಯದರಲ್ಲಿ ಸ್ಟಡ್ ಎಲ್ಲ ದಿಕ್ಕಿಗೂ ಒಂದೇ ಬಗೆಯ ಬಿಗಿತದಲ್ಲಿ ತಿರುಗುತ್ತದೆ. ಬೆಲೆಯಲ್ಲಿ ನಡುವಿನದೇ ನನಗೆ ಸರಿ ಎನಿಸಿತು. ಅಂದಹಾಗೆ, ಶೇ 28ರ ಜಿಎಸ್‌ಟಿ ಇದ್ದ ವಾಹನ ಬಿಡಿಭಾಗಗಳು 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿರುವುದರಿಂದ, ಬುಷ್ ಮಾತ್ರ ಹಾಕಿದರೆ ಉಳಿಯುವ ಹಣದ ಅಂತರ ಮೊದಲಿನಷ್ಟು ದೊಡ್ಡದಲ್ಲ. ಹಳೆಯ ದರದ ಸ್ಟಾಕ್ ತೋರಿಸಿದರೆ ಕೇಳಿ ನೋಡುವುದಕ್ಕೆ ಸಂಕೋಚ ಬೇಡ.

ಶಾಕ್ ಅಬ್ಸಾರ್ಬರಿನ ಮಟ್ಟಿಗೆ ನನ್ನ ಅಭಿಪ್ರಾಯ ಇನ್ನಷ್ಟು ಕಟು. ಈಗಿನ ಹೆಚ್ಚಿನ ಶಾಕುಗಳು ಕಾರ್ಖಾನೆಯಲ್ಲಿ ಎಣ್ಣೆಯ ಜತೆ ನೈಟ್ರೋಜನ್ ಅನಿಲ ತುಂಬಿ ಮುಚ್ಚಿದ, ಬಿಚ್ಚಲೆಂದು ಮಾಡಿರದ ಜೋಡಿ ಕೊಳವೆಗಳು. ಎಣ್ಣೆ ನೊರೆಯಾಗದಂತೆ ತಡೆಯುವುದು ಆ ಅನಿಲದ ಒತ್ತಡ. ಮೇಲ್ತುದಿಯನ್ನು ಕತ್ತರಿಸಿ, ಸೀಲ್ ಬದಲಿಸಿ, ಕಣ್ಣಂದಾಜಿನಲ್ಲಿ ಎಣ್ಣೆ ಸುರಿದು ಮತ್ತೆ ಮುಚ್ಚಿಕೊಡುವ ರಿಪೇರಿಯಲ್ಲಿ ಅನಿಲ ಮರಳುವುದಿಲ್ಲ, ಒಳಗಿನ ವಾಲ್ವಿನ ಸವೆತವೂ ಹಾಗೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಉಪ್ಪುಗಾಳಿಗೆ ರಾಡಿನ ಕ್ರೋಮ್ ಲೇಪನದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಬಿದ್ದಿದ್ದರೆ ಹೊಸ ಸೀಲನ್ನು ಅವೇ ಕೊರೆದುಹಾಕುತ್ತವೆ. ಹಾಗೆ ತುಂಬಿಸಿದ ಜೋಡಿಯೊಂದು ನನ್ನ ಕಾರಿನಲ್ಲಿ ಒಂದು ಮಳೆಗಾಲವನ್ನೂ ದಾಟಲಿಲ್ಲ. ರಾಡಿನ ಸುತ್ತ ತೆಳುವಾದ ಎಣ್ಣೆಯ ಪಸೆ ಇದ್ದರೆ ಅದು ಸಹಜ. ಎಣ್ಣೆ ಕೊಳವೆಯ ಮೇಲೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಒಂದೇ ಆಕ್ಸಲಿನ ಎರಡನ್ನೂ ಒಟ್ಟಿಗೆ ಹೊಸದಾಗಿ ಹಾಕಬೇಕು. ಸ್ಟ್ರಟ್ ಹೊರಬಂದಾಗಲೇ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಬೂಟುಗಳನ್ನೂ ಬದಲಿಸಿದರೆ ಹೆಚ್ಚುವರಿ ಕೂಲಿಯಿಲ್ಲ.

ಸ್ಪ್ರಿಂಗನ್ನು ಕುಗ್ಗಿಸುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಸ್ಟ್ರಟ್ಟನ್ನು ಇಡಿಯಾಗಿ ಬಿಚ್ಚಿ ಒಳ್ಳೆಯ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದರೆ ಸಾಕು. ಬಿಚ್ಚಿದಾಗ ಸ್ಪ್ರಿಂಗಿನ ಕೆಳಸುತ್ತನ್ನು ಒರೆಸಿ ನೋಡಬೇಕು. ಸ್ಪ್ರಿಂಗ್ ಕೂರುವ, ಮರಳು, ಉಪ್ಪುನೀರು ನಿಲ್ಲುವ ತಟ್ಟೆಯಲ್ಲೇ ಬಣ್ಣ ಕಿತ್ತು ಉಕ್ಕು ತಿನ್ನಲ್ಪಟ್ಟಿರುತ್ತದೆ. ಮೇಲ್ಮೈ ತುಕ್ಕಾದರೆ ತಂತಿ ಬ್ರಷ್, ಜಿಂಕ್ ಪ್ರೈಮರ್, ಬಣ್ಣ ಸಾಕು. ಗುಳಿ ಬಿದ್ದಿದ್ದರೆ ಹೊಸದೇ ಆಗಬೇಕು. ಆರ್ಮಿನ ಕಬ್ಬಿಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸಲಕರಣೆಗಳಲ್ಲಿ ಜಾಕಿ, ಎರಡು ಗಟ್ಟಿ ಸ್ಟ್ಯಾಂಡ್, ಟಾರ್ಕ್ ರೆಂಚ್, ಬಾಲ್ ಜಾಯಿಂಟ್ ಬಿಡಿಸುವ ಪುಲ್ಲರ್ ಇಲ್ಲದೆ ಕೈಹಾಕಬಾರದು. ಅಂಗಳದಲ್ಲಿ ಹೇಗೂ ಬಿದ್ದಿರುತ್ತದೆ ಎಂದು ಮುರಕಲ್ಲನ್ನು ಕಾರಿನಡಿ ಆಧಾರವಾಗಿ ಇಡುವವರನ್ನು ಕಂಡಿದ್ದೇನೆ. ತೂತುತೂತಾದ ಆ ಕಲ್ಲು ಗೋಡೆಯಲ್ಲಿ ಹರಡಿದ ಭಾರವನ್ನು ಹೊರುತ್ತದೆಯೇ ವಿನಾ, ಒಂದೇ ಬಿಂದುವಿನಲ್ಲಿ ಬೀಳುವ ಕಾರಿನ ಭಾರಕ್ಕೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಮಳೆಗಾಲದ ಕೆಂಪುಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲೂ ಹೂತುಹೋಗುತ್ತದೆ. ಕಾಂಕ್ರೀಟ್ ನೆಲವಿಲ್ಲದಿದ್ದರೆ ದಪ್ಪ ಹಲಗೆ ಹಾಕಲೇಬೇಕು.

ಲಿಂಕ್, ಟೈ ರಾಡ್ ಎಂಡುಗಳ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಇವು ಅಗ್ಗ, ಬದಲಿಸುವುದೂ ಸುಲಭ. ಸವೆದರೆ ಹೊಸದನ್ನು ಹಾಕುವುದೇ ಸರಿ.

ಒಟ್ಟಿನಲ್ಲಿ ಬಾಲ್ ಜಾಯಿಂಟ್ ಬೇರೆಯಾಗಿ ಸಿಗುವ ಕಾರಾದರೆ ಒಳ್ಳೆಯ ಬ್ರ್ಯಾಂಡಿನ ಬಿಡಿ ಬುಷ್ಷುಗಳಿಗೆ ನನ್ನ ಒಪ್ಪಿಗೆಯಿದೆ. ಅದು ಆರ್ಮಿನಲ್ಲೇ ಸೇರಿಕೊಂಡು ಬರುವ ಹಳೆಯ ಕಾರಿಗೆ ಇಡೀ ಆರ್ಮೇ ಕೊನೆಗೆ ಅಗ್ಗ. ಎಣ್ಣೆ ತುಂಬಿಸಿದ ಶಾಕನ್ನು ಪುಕ್ಕಟೆ ಕೊಟ್ಟರೂ ಹಾಕಿಸಲಾರೆ. ಯಾವುದನ್ನು ಹಾಕಿದರೂ ವೀಲ್ ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ, ಇಲ್ಲವಾದರೆ ಹೊಸ ಆರ್ಮಿಗೆ ಉಳಿಸಿದ ದುಡ್ಡನ್ನು ಟಯರು ತಿಂದುಹಾಕುತ್ತದೆ. ಹಿಂದಿನ ಬೀಮಿನ ಬುಷ್ಷುಗಳಿಗೆ ನಾನು ಕೈಹಾಕಿಲ್ಲ. ಅದಕ್ಕೆ ಬೀಮನ್ನೇ ಕೆಳಗಿಳಿಸಿ ಬ್ರೇಕ್ ಪೈಪುಗಳನ್ನೂ ಬಿಡಿಸಬೇಕಾಗುವುದರಿಂದ, ಲಿಫ್ಟ್ ಇರುವ ಗ್ಯಾರೇಜಿಗೇ ಬಿಟ್ಟಿದ್ದೇನೆ.