ಚಿಕಿತ್ಸಾ ಮೇಜಿನ ಬಳಿಯ ಕಾನೂನು: ಫಿಸಿಯೋಥೆರಪಿಸ್ಟ್‌ಗಳಿಗಾಗಿ ಇರುವ ಒಂದು ಕೋರ್ಸ್‌ನ ವಿಮರ್ಶೆ

ಫಿಸಿಯೋಥೆರಪಿಸ್ಟ್‌ಗಳ ಕಾನೂನು ಹೊಣೆಗಾರಿಕೆಯನ್ನು ಮೂಲದಿಂದ ಕಲಿಸುವ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಪೂರ್ತಿಯಾಗಿ ಮುಗಿಸಿದೆ. ಒಬ್ಬ ವಕೀಲರೂ ಒಬ್ಬ ಹಿರಿಯ ಫಿಸಿಯೋಥೆರಪಿಸ್ಟರೂ ಸೇರಿ ನಡೆಸಿಕೊಡುವ ಈ ಕೋರ್ಸ್, ಯಾವುದೋ ಒಂದು ದೇಶದ ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಮಾಡಿಸಲು ಹೋಗದೆ, ಚಿಕಿತ್ಸೆಯಲ್ಲಿ ಹಾನಿಯಾದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಸಾಗುತ್ತದೆ. ನೋಂದಣಿಯ ನಿಯಮ, ದಾವೆ ಹೂಡುವ ಕಾಲಮಿತಿ ಮುಂತಾದವನ್ನು ಅವರವರ ದೇಶದ ಕಾನೂನಿನಲ್ಲಿಯೇ ನೋಡಿಕೊಳ್ಳಬೇಕೆಂದು ಮೊದಲ ಪಾಠದಲ್ಲಿಯೇ ತಿಳಿಸಿಬಿಡುತ್ತಾರೆ. ಈ ಮಿತಿಯನ್ನು ಒಪ್ಪಿಕೊಂಡು ನೋಡಿದರೆ, ಕೋರ್ಸ್‌ನ ಮೊದಲರ್ಧ ಈ ವಿಷಯದಲ್ಲಿ ನಾನು ಕೇಳಿದ ಪಾಠಗಳಲ್ಲೆಲ್ಲ ಉತ್ತಮವಾದದ್ದು. ಉಳಿದರ್ಧದ ಬಗ್ಗೆ ನನಗೆ ಗಂಭೀರವಾದ ತಕರಾರುಗಳಿವೆ.

ನಿರ್ಲಕ್ಷ್ಯವನ್ನು ಸಾಬೀತುಪಡಿಸಲು ವಾದಿಯು ನಾಲ್ಕು ಸಂಗತಿಗಳನ್ನು ತೋರಿಸಬೇಕಾಗುತ್ತದೆ: ಚಿಕಿತ್ಸಕರಿಗೆ ಆ ರೋಗಿಯ ವಿಷಯದಲ್ಲಿ ಎಚ್ಚರ ವಹಿಸುವ ಕರ್ತವ್ಯವಿತ್ತು, ಅದರಲ್ಲಿ ಲೋಪವಾಯಿತು, ರೋಗಿಗೆ ಹಾನಿಯಾಯಿತು ಮತ್ತು ಆ ಹಾನಿಗೆ ಆ ಲೋಪವೇ ಕಾರಣ. ಇಷ್ಟು ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತದೆ. ಪಾಠದ ಹೆಚ್ಚುಗಾರಿಕೆ ಇರುವುದು ಅದಕ್ಕೆ ಆರಿಸಿಕೊಂಡ ಉದಾಹರಣೆಯಲ್ಲಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವ ಒಬ್ಬ ರೋಗಿಗೆ, ಬಿಸಿನೀರಿನಲ್ಲಿ ನೆನೆಸಿ ಕಾಯಿಸಿದ ಹಾಟ್ ಪ್ಯಾಕ್ ಇಡಲಾಗುತ್ತದೆ. ಪ್ಯಾಕ್ ನೆನೆಯುವ ನೀರಿನ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಿರುವುದರಿಂದಲೇ ಚರ್ಮಕ್ಕೂ ಪ್ಯಾಕ್‌ಗೂ ನಡುವೆ 6ರಿಂದ 8 ಪದರ ಟವೆಲ್ ಇರಬೇಕು, ಕೆಲವೇ ನಿಮಿಷಗಳ ನಂತರ ಪ್ಯಾಕ್ ಎತ್ತಿ ಚರ್ಮವನ್ನು ನೋಡಬೇಕು, ಎಲ್ಲಕ್ಕೂ ಮೊದಲು ಬಿಸಿನೀರು ಮತ್ತು ತಣ್ಣೀರು ತುಂಬಿದ ಗಾಜಿನ ನಳಿಕೆಗಳನ್ನು ಮುಟ್ಟಿಸಿ ರೋಗಿಗೆ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆ ನಡೆಯದೆ ಪಾದದಲ್ಲಿ ಬೊಬ್ಬೆ ಎದ್ದರೆ, ‘ಸುಡುತ್ತಿಲ್ಲ ಎಂದು ರೋಗಿಯೇ ಹೇಳಿದ್ದರು’ ಎಂಬ ಸಮರ್ಥನೆ ನಿಲ್ಲುವುದಿಲ್ಲ, ಏಕೆಂದರೆ ಸುಡುವುದು ತಿಳಿಯದಿರುವುದೇ ಆ ರೋಗಿಯ ತೊಂದರೆ.

ಇದೇ ಪ್ರಸಂಗವನ್ನು ಮುಂದೆ ಎರಡು ರೀತಿಯಲ್ಲಿ ಬದಲಿಸಿ ಕೇಳುತ್ತಾರೆ. ಪರೀಕ್ಷೆ ಮಾಡಲಿಲ್ಲ, ಆದರೆ ಚರ್ಮಕ್ಕೆ ಏನೂ ಆಗಲಿಲ್ಲ ಎಂದಾದರೆ? ಲೋಪವಿದೆ, ಹಾನಿಯಿಲ್ಲ. ಹಾಗಾಗಿ ನಿರ್ಲಕ್ಷ್ಯದ ದಾವೆ ನಿಲ್ಲದು, ಆದರೂ ವೃತ್ತಿಯನ್ನು ನಿಯಂತ್ರಿಸುವ ಮಂಡಳಿ ಶಿಸ್ತುಕ್ರಮಕ್ಕೆ ಮುಂದಾಗಬಹುದು. ಪಾದದಲ್ಲಿ ಮೊದಲೇ ಹುಣ್ಣಿದ್ದರೆ? ಆಗ ವಾದವೆಲ್ಲ ಕಾರಣದ ಪ್ರಶ್ನೆಗೆ ಸರಿಯುತ್ತದೆ, ಚಿಕಿತ್ಸೆಗೆ ಮುಂಚೆ ಚರ್ಮ ಹೇಗಿತ್ತೆಂದು ಬರೆದಿಟ್ಟ ಒಂದು ಸಾಲು ಅಲ್ಲಿ ಬಹಳ ಬೆಲೆಬಾಳುತ್ತದೆ. ಸಿವಿಲ್ ದಾವೆ, ಶಿಸ್ತುಕ್ರಮ ಮತ್ತು ಕ್ರಿಮಿನಲ್ ಪ್ರಕರಣ ಬೇರೆಬೇರೆ ದಾರಿಗಳೆಂಬುದು, ಅವುಗಳಲ್ಲಿ ಬೇಕಾಗುವ ಸಾಕ್ಷ್ಯದ ಬಿಗಿಯೂ ಒಂದೇ ತೆರನಾದದ್ದಲ್ಲವೆಂಬುದು ಇಲ್ಲಿ ಸಹಜವಾಗಿ ಮನದಟ್ಟಾಗುತ್ತದೆ.

ಎಷ್ಟು ಎಚ್ಚರ ಸಾಕು ಎಂಬ ಪ್ರಶ್ನೆಗೆ ಇಂಗ್ಲೆಂಡಿನ 1957ರ ಬೋಲಂ ಪ್ರಕರಣವನ್ನು ಆಧಾರವಾಗಿ ತೆಗೆದುಕೊಂಡಿದ್ದಾರೆ. ಸ್ನಾಯು ಸಡಿಲಿಸುವ ಔಷಧವಿಲ್ಲದೆ ವಿದ್ಯುತ್ ಆಘಾತ ಚಿಕಿತ್ಸೆ ಪಡೆದ ರೋಗಿಯ ಸೊಂಟದ ಕೀಲುಗಳು ಮುರಿದ ಪ್ರಕರಣವದು. ಆ ವಿದ್ಯೆಯಲ್ಲಿ ನುರಿತ, ಹೊಣೆಯರಿತ ವೃತ್ತಿನಿರತರ ಒಂದು ವರ್ಗ ಸರಿಯೆಂದು ಒಪ್ಪುವ ರೀತಿಯಲ್ಲಿ ನಡೆದುಕೊಂಡಿದ್ದರೆ ನಿರ್ಲಕ್ಷ್ಯವಾಗದು ಎಂಬ ಅಳತೆಗೋಲು ಅಲ್ಲಿಂದ ಬಂತು. ‘ಎಲ್ಲರೂ ಹೀಗೆಯೇ ಮಾಡುತ್ತಾರೆ’ ಎಂಬ ನೆಮ್ಮದಿಗೆ ಇದರಲ್ಲಿ ಎಡೆಯಿದೆಯೆಂದು ಭಾವಿಸುವಷ್ಟರಲ್ಲಿ, ತಜ್ಞರ ಅಭಿಪ್ರಾಯ ತರ್ಕಕ್ಕೂ ನಿಲ್ಲಬೇಕೆಂದ 1997ರ ಬೊಲಿತೊ ತೀರ್ಪಿಗೆ ಕರೆದೊಯ್ಯುತ್ತಾರೆ. ಈ ಜೋಡಣೆ ನನಗೆ ತುಂಬ ಹಿಡಿಸಿತು.

ಸಮ್ಮತಿಯ ಪಾಠವಂತೂ ವಿದ್ಯಾರ್ಥಿಗಳಿಗೆಲ್ಲ ಕಡ್ಡಾಯವಾಗಬೇಕು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ಮಾಂಟ್‌ಗೊಮರಿ ಪ್ರಕರಣದಲ್ಲಿ, ಯಾವ ಅಪಾಯವನ್ನು ತಿಳಿಸಬೇಕೆಂಬುದನ್ನು ವೈದ್ಯರ ರೂಢಿಯಿಂದಷ್ಟೇ ತೀರ್ಮಾನಿಸಲಾಗದು, ಆ ರೋಗಿಯ ಸ್ಥಾನದಲ್ಲಿರುವ ವಿವೇಕಿಯೊಬ್ಬರಿಗೆ ಯಾವುದು ಮುಖ್ಯವೆನಿಸುತ್ತದೆ ಎಂಬುದನ್ನೂ ನೋಡಬೇಕೆಂದು ಹೇಳಿತು. ಇದನ್ನು ಕತ್ತಿನ ಕೀಲುಗಳನ್ನು ಕೈಯಿಂದ ಥಟ್ಟನೆ ಸರಿಸುವ ಮ್ಯಾನಿಪ್ಯುಲೇಷನ್‌ಗೆ ಅನ್ವಯಿಸಿ ತೋರಿಸಿರುವ ಭಾಗವನ್ನು ನಾನು ಮತ್ತೆ ನೋಡಿದೆ. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಉಂಟಾಗುವುದು ಬಹಳ ವಿರಳ, ಆದರೆ ಸಂಭವಿಸಿದರೆ ಬದುಕೇ ಬುಡಮೇಲಾಗುತ್ತದೆ. ವ್ಯಾಯಾಮ ಅಥವಾ ಕೀಲನ್ನು ನಿಧಾನವಾಗಿ ಆಡಿಸುವ ಮೃದುವಾದ ಮೊಬಿಲೈಸೇಷನ್‌ನಂತಹ ಬೇರೆ ದಾರಿಗಳಿರುವಾಗ, ವಿರಳವೆಂಬ ಒಂದೇ ಕಾರಣಕ್ಕೆ ಅದನ್ನು ಮುಚ್ಚಿಡುವುದು ಸರಿಯಲ್ಲವೆಂಬುದನ್ನು ಬೆದರಿಸದೆ, ಸಮಾಧಾನದಿಂದ ವಿವರಿಸಿದ್ದಾರೆ. ದೇಹವನ್ನು ಮುಟ್ಟಿಯೇ ನಡೆಯುವ ವೃತ್ತಿ ನಮ್ಮದು. ಸಮ್ಮತಿಯಿಲ್ಲದ ಸ್ಪರ್ಶ ಗಾಯ ಮಾಡದಿದ್ದರೂ ಸ್ವತಃ ತಪ್ಪಾಗಬಲ್ಲದು, ಹಾಗೆಯೇ ಒಮ್ಮೆ ಕೊಟ್ಟ ಸಮ್ಮತಿಯನ್ನು ರೋಗಿ ಚಿಕಿತ್ಸೆಯ ನಡುವೆಯೂ ಹಿಂತೆಗೆದುಕೊಳ್ಳಬಹುದು ಎಂಬ ಮಾತು ಇನ್ನೂ ಒತ್ತಿ ಬರಬೇಕಿತ್ತು.

ತಕರಾರು ಶುರುವಾಗುವುದು ದಾಖಲೆಗಳ ಪಾಠದಿಂದ. ಆರಂಭವೇನೋ ಚೆನ್ನಾಗಿದೆ. ಬೆನ್ನುನೋವಿನ ರೋಗಿಯೊಬ್ಬರ ಎರಡು ಕೇಸ್ ಶೀಟ್‌ಗಳನ್ನು ಪಕ್ಕಪಕ್ಕದಲ್ಲಿ ತೋರಿಸುತ್ತಾರೆ. ಒಂದರಲ್ಲಿ ‘ಸೊಂಟನೋವು, ಟ್ರಾಕ್ಷನ್ ಕೊಡಲಾಯಿತು, ಮುಂದುವರಿಸುವುದು’ ಎಂದಷ್ಟೇ ಇದೆ. ಇನ್ನೊಂದರಲ್ಲಿ ಮೂತ್ರ ಕಟ್ಟಿದೆಯೇ, ತೊಡೆಗಳ ಸಂದಿನಲ್ಲಿ ಜೋಮು ಹಿಡಿದಿದೆಯೇ, ಎರಡೂ ಕಾಲುಗಳ ಬಲ ಕುಗ್ಗಿದೆಯೇ ಎಂದು ಕೇಳಿದ್ದು, ರೋಗಿ ಇಲ್ಲವೆಂದದ್ದು, ಇವು ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ತಿಳಿಸಿದ್ದು, ದಿನಾಂಕ, ಸಮಯ, ಸಹಿ ಎಲ್ಲವೂ ಇವೆ. ಬೆನ್ನುಹುರಿಯ ತುದಿಯ ನರಗುಚ್ಛ ಒತ್ತಿಹೋಗುವ ಕಾಡಾ ಈಕ್ವೈನಾ ಸಿಂಡ್ರೋಮ್‌ನಲ್ಲಿ ವಿಳಂಬದಿಂದ ಶಾಶ್ವತ ಹಾನಿಯಾಗಬಲ್ಲದು. ಆದ್ದರಿಂದ ಈ ಕೆಲವು ಸಾಲುಗಳು ಚಿಕಿತ್ಸಕರಿಗಿಂತ ಮೊದಲು ರೋಗಿಯನ್ನು ಕಾಯುತ್ತವೆ.

ಆದರೆ ಅಲ್ಲಿಂದಾಚೆಗೆ ಪಾಠದ ಧ್ವನಿ ಬದಲಾಗುತ್ತದೆ. ಪ್ರತಿಯೊಂದು ವಾಕ್ಯವನ್ನೂ ಎದುರಾಳಿ ವಕೀಲರು ಓದುತ್ತಾರೆಂದು ಭಾವಿಸಿ ಬರೆಯಿರಿ ಎಂಬ ಸಲಹೆ ಪದೇ ಪದೇ ಬರುತ್ತದೆ. ರೋಗಿಯನ್ನು ಮುಂದಿನ ಫಿರ್ಯಾದಿಯಂತೆ ಕಾಣಲು ಕಲಿತ ಚಿಕಿತ್ಸಕರು ಕೇಸ್ ಶೀಟನ್ನು ಉದ್ದ ಮಾಡುತ್ತಾರೆಯೇ ಹೊರತು ರೋಗಿಯ ಮಾತನ್ನು ಹೆಚ್ಚು ಕೇಳಿಸಿಕೊಳ್ಳುವುದಿಲ್ಲ. ತಪ್ಪು ಬರೆದದ್ದನ್ನು ಅಳಿಸದೆ ಒಂದೇ ಗೆರೆ ಎಳೆದು ತಿದ್ದಿ ದಿನಾಂಕ ಹಾಕಬೇಕು, ತಡವಾಗಿ ಬರೆದದ್ದನ್ನು ತಡವಾಗಿ ಬರೆದದ್ದೆಂದೇ ನಮೂದಿಸಬೇಕು ಎಂಬ ಉಪಯುಕ್ತ ಸೂಚನೆಗಳೂ ಈ ಅಂಜಿಕೆಯ ನಡುವೆ ಮಸುಕಾಗಿವೆ.

ಸಹಾಯಕರಿಗೆ, ತರಬೇತಿಯಲ್ಲಿರುವವರಿಗೆ ಕೆಲಸ ಒಪ್ಪಿಸುವ ವಿಷಯಕ್ಕೆ ಸಿಕ್ಕಿರುವ ಜಾಗ ತೀರಾ ಕಡಿಮೆ. ನೌಕರರ ಲೋಪಕ್ಕೆ ಸಂಸ್ಥೆಯೂ ಹೊಣೆಯಾಗುತ್ತದೆ ಎಂದು ಹೇಳಿ ಮುಂದೆ ಹೋಗುತ್ತಾರೆ. ಪಾರ್ಶ್ವವಾಯು ಪೀಡಿತರೊಬ್ಬರನ್ನು ಮೊದಲ ಬಾರಿ ನಡೆಸುವ ಕೆಲಸವನ್ನು ತರಬೇತಿಯಿಲ್ಲದ ಸಹಾಯಕರಿಗೆ ಬಿಟ್ಟು ರೋಗಿ ಬಿದ್ದರೆ, ಒಪ್ಪಿಸಿದ ಚಿಕಿತ್ಸಕರ ಸ್ವಂತ ನಿರ್ಧಾರವೂ ಪ್ರಶ್ನೆಗೆ ಒಳಗಾಗುತ್ತದೆಂಬುದನ್ನು ಬಿಡಿಸಿ ಹೇಳಿಲ್ಲ. ವಿಮೆಯ ಪಾಠದಲ್ಲಿಯೂ, ಘಟನೆ ನಡೆದ ಕಾಲದಲ್ಲಿ ಚಾಲ್ತಿಯಲ್ಲಿದ್ದರೆ ಸಾಕಾಗುವ ಪಾಲಿಸಿಗೂ ಕ್ಲೇಮ್ ಬಂದ ಕಾಲದಲ್ಲಿ ಚಾಲ್ತಿಯಲ್ಲಿರಬೇಕಾದ ಪಾಲಿಸಿಗೂ ಇರುವ ವ್ಯತ್ಯಾಸ ಬಿಟ್ಟುಹೋಗಿದೆ. ಕೆಲಸ ಬದಲಿಸುವವರಿಗೂ ನಿವೃತ್ತರಾಗುವವರಿಗೂ ಅದು ಬಹಳ ಮುಖ್ಯವಾದ ಸಂಗತಿ.

ಹೊಸದಾಗಿ ವೃತ್ತಿಗೆ ಬರುವವರಿಗೂ ಸ್ವಂತ ಕ್ಲಿನಿಕ್ ತೆರೆಯಲು ಹೊರಟವರಿಗೂ, ದಾಖಲೆಗಳ ಪಾಠವನ್ನು ಎಚ್ಚರದಿಂದ ಕೇಳಬೇಕೆಂಬ ಮಾತಿನೊಂದಿಗೆ, ಈ ಕೋರ್ಸನ್ನು ಶಿಫಾರಸು ಮಾಡುತ್ತೇನೆ. ಕೊನೆಯಲ್ಲಿ ಕೊಡುವ ಸಮ್ಮತಿ ಪತ್ರದ ಮಾದರಿಯನ್ನು ಮಾತ್ರ ಇದ್ದಂತೆಯೇ ಬಳಸಬೇಡಿ. ಅದರಲ್ಲಿ ಸಹಿಗೆ ಜಾಗವಿದೆ, ರೋಗಿ ಏನು ಕೇಳಿದರು ಮತ್ತು ಅದಕ್ಕೆ ಏನು ಉತ್ತರ ಕೊಡಲಾಯಿತು ಎಂದು ಬರೆಯಲು ಜಾಗವಿಲ್ಲ.