ಟೈಟಲ್ ಪ್ಯಾಕ್, ಫೋನ್ ಆ್ಯಪ್, ಶೇಡಿ: ನಮ್ಮ ಥ್ರಿಲ್ಲರ್‌ಗೆ ಯಾವುದು ಒದಗಿತು

ಸಿನಿಮಾದ ಟೈಟಲ್ ಅಕ್ಷರ ಮೂಡಿಸಲು ಈ ಮೂರರಲ್ಲಿ ಯಾವುದು ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನಾನು ಶೇಡಿ ಪಕ್ಷ. ಶೇಡಿ ಗೊತ್ತಿಲ್ಲದವರಿಗೆ: ನಮ್ಮ ಶಿರಸಿ ಕಡೆ ದೀಪಾವಳಿ ಹೊತ್ತಿಗೆ ಗೋಡೆ ಮೇಲೆ ಚಿತ್ರ ಬರೆಯಲು ಬಳಸುವ ಬಿಳಿ ಮಣ್ಣು. ನಾಲ್ಕು ಜನ ಸೇರಿ 1,450 ರೂಪಾಯಿ ಕೊಟ್ಟು ತಗೊಂಡ, ಹೆಸರು ಬದಲಿಸಿದರೆ ಸಾಕು ಅನ್ನುವ ರೆಡಿಮೇಡ್ ಟೈಟಲ್ ಪ್ಯಾಕ್‌ನಿಂದ ಆಗದ ಕೆಲಸ ಅಮ್ಮಮ್ಮನ ಡಬ್ಬಿಯಲ್ಲಿದ್ದ ಒಂದು ಹೆಂಟೆ ಮಣ್ಣಿನಿಂದ ಆಯಿತು.

ನಾವು ಕಾರವಾರದಲ್ಲಿ ಡಿಗ್ರಿ ಓದುವವರು. ಪ್ರಾಜೆಕ್ಟಿಗೆ ಇಡೀ ಸಿನಿಮಾ ಬೇಡ, ಒಂದು ಥ್ರಿಲ್ಲರ್‌ನ ಟೈಟಲ್ ಸೀಕ್ವೆನ್ಸ್ ಮಾತ್ರ ಮಾಡಿ ಅಂದಿದ್ದರು. ಒಂದೂವರೆ ನಿಮಿಷ, ಎಂಟು ಹೆಸರು, ಕೊನೆಗೆ ಸಿನಿಮಾ ಹೆಸರು. ನಮ್ಮದು 'ಅರ್ಧ ಹೆಜ್ಜೆ'. ಕಡಲ ದಂಡೆಯ ಮರಳಲ್ಲಿ ಹೆಜ್ಜೆ ಗುರುತು ಸಾಲಾಗಿ ಹೋಗುತ್ತದೆ, ನಡುವೆ ನಿಂತುಬಿಡುತ್ತದೆ. ವಾಪಸ್ ಬಂದ ಗುರುತಿಲ್ಲ, ನೀರಿನ ಕಡೆ ಹೋದ ಗುರುತೂ ಇಲ್ಲ. ಅಷ್ಟೇ ಕತೆ.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾವು ತೆಗೆದದ್ದು ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಹಾಗಾಗಿ ಬೈತಖೋಲ ಬಂದರಿನಲ್ಲಿ ದೋಣಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ತಾಡಪಾಲು ಹೊದ್ದು ನಿಂತಿದ್ದವು. ಥ್ರಿಲ್ಲರ್‌ಗೆ ಇದಕ್ಕಿಂತ ಸೆಟ್ ಬೇಕಾ? ಡ್ರೋನ್ ಆಸೆ ಇತ್ತು, ನೌಕಾನೆಲೆ ಇರುವ ಊರಲ್ಲಿ ಆ ಉಸಾಬರಿಯೇ ಬೇಡ ಅಂತ ಬಿಟ್ಟೆವು.

ಕಷ್ಟ ಶುರುವಾದದ್ದು ಅಕ್ಷರದಲ್ಲಿ.

ಪ್ಯಾಕಿನ ಜಾಹೀರಾತು ನೋಡಿದರೆ ಯಾರಾದರೂ ಮರುಳಾಗಬೇಕು. ಕಪ್ಪು ಪರದೆ, ತೆಳ್ಳಗಿನ ಅಕ್ಷರ, ಒಂದೊಂದೂ ದೂರ ದೂರ ನಿಂತು ನಿಧಾನ ನಡುಗುತ್ತಾ ಮೂಡುತ್ತವೆ. ಕಾಲೇಜು ಲ್ಯಾಬಿನ ಮೋಷನ್ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಹಾಕಿಕೊಂಡು, ಇಂಗ್ಲಿಷ್ ಅಳಿಸಿ 'ಅರ್ಧ ಹೆಜ್ಜೆ' ಅಂತ ಅಂಟಿಸಿದೆವು. ಮೊದಲು ಬಂದದ್ದು ಬರೀ ಡಬ್ಬಿ ಡಬ್ಬಿ. ಸರಿ, ಫಾಂಟ್‌ನಲ್ಲಿ ಕನ್ನಡ ಇಲ್ಲ ಅಂತ ನೋಟೊ ಸಾನ್ಸ್ ಕನ್ನಡ ಹಾಕಿದೆವು. ಆಗ 'ಅರ್‌ಧ ಹೆಜ್‌ಜೆ' ಅಂತ ಬಂತು. ಒತ್ತು ಕೆಳಗೆ ಇಳಿಯಲಿಲ್ಲ, ಅರ್ಕಾವತ್ತು ಹಿಂದೆ ಹೋಗಲಿಲ್ಲ. ಒಂದನೇ ಕ್ಲಾಸಿನ ಮಗು ಕೂಡಿಸಿ ಓದಿದ ಹಾಗೆ.

ಇದಕ್ಕೆ ಮದ್ದು ಹುಡುಕಲು ಎರಡು ದಿನ ಹೋಯಿತು. ನಿಮಗೆ ಉಳಿಯಲಿ ಅಂತ ಹೇಳುತ್ತೇನೆ: ಸೆಟ್ಟಿಂಗ್‌ನಲ್ಲಿ ಟೈಪ್ ಅನ್ನುವ ಭಾಗದಲ್ಲಿ ಅಕ್ಷರ ಜೋಡಿಸುವ ಎಂಜಿನ್ ಯಾವುದು ಅಂತ ನೋಡಿ. ಅದು ಲ್ಯಾಟಿನ್ ಲಿಪಿಗೆ ಅಂತ ಇದ್ದರೆ ದಕ್ಷಿಣ ಏಷ್ಯಾದ ಭಾಷೆಗಳದ್ದಕ್ಕೆ ಬದಲಿಸಿ. ನಮ್ಮಲ್ಲಿ ಅದಾದ ಮೇಲೆ ಒತ್ತು ಸರಿಹೋಯಿತು, ನಾವು ಚಪ್ಪಾಳೆಯನ್ನೂ ತಟ್ಟಿದೆವು. ಆಮೇಲೆ ಪ್ಲೇ ಒತ್ತಿದೆವು.

ಅಕ್ಷರ ಒಂದೊಂದಾಗಿ ಮೂಡಬೇಕಲ್ಲ. ಮೊದಲು 'ಅ' ಬಂತು. ಆಮೇಲೆ 'ಅರ'. ಅರ? ಆಮೇಲೆ ಅದು 'ಅರ್' ಆಯಿತು. ಮತ್ತೆ 'ಧ' ಬಂದ ಕೂಡಲೇ 'ರ್' ತನ್ನ ಜಾಗದಿಂದ ಹಾರಿ 'ಧ'ದ ಆ ಕಡೆ ಹೋಗಿ ಕೂತಿತು. ಹೆಜ್ಜೆಯದ್ದೂ ಅದೇ ಕತೆ: ಹ, ಹೆ, ಹೆಜ, ಹೆಜ್, ಹೆಜ್ಜ, ಹೆಜ್ಜೆ. ಹಿಂದೆ ಭಯಂಕರ ಸಂಗೀತ, ಎದುರಿಗೆ ಕಾಗುಣಿತದ ಪಾಠ. ಲ್ಯಾಬಿನಲ್ಲಿ ಎಲ್ಲರೂ ನಕ್ಕರು, ನಮಗೆ ಮಾತ್ರ ಅಳು.

ಕಾರಣ ಆಮೇಲೆ ಗೊತ್ತಾಯಿತು. ನಮ್ಮ ಕಣ್ಣಿಗೆ 'ಅರ್ಧ ಹೆಜ್ಜೆ' ನಾಲ್ಕು ಅಕ್ಷರ. ಯುನಿಕೋಡ್ (ಕಂಪ್ಯೂಟರು ಲಿಪಿಯನ್ನು ಚಿಹ್ನೆ ಚಿಹ್ನೆಯಾಗಿ ಇಟ್ಟುಕೊಳ್ಳುವ ಕ್ರಮ) ಲೆಕ್ಕದಲ್ಲಿ, ನಡುವಿನ ಖಾಲಿ ಜಾಗ ಬಿಟ್ಟು, ಹತ್ತು: ಅ, ರ, ಹಲಂತ (ಅಕ್ಷರದ ಸ್ವರ ಕಳೆಯುವ ಚಿಹ್ನೆ), ಧ, ಹ, ಎತ್ವ, ಜ, ಮತ್ತೆ ಹಲಂತ, ಜ, ಎತ್ವ. ಪ್ಯಾಕ್ ಮಾಡಿದವರು ಒಂದು ಚಿಹ್ನೆಗೆ ಒಂದು ಅಕ್ಷರ ಅಂದುಕೊಂಡಿದ್ದಾರೆ. ಇಂಗ್ಲಿಷ್‌ಗೆ ಅದು ಸರಿ. ನಮ್ಮಲ್ಲಿ ಆ ಹತ್ತೂ ಸೇರಿ ಬೆಂದ ಮೇಲೇ ನಾಲ್ಕಾಗುವುದು. ಅಕ್ಷರಗಳ ನಡುವೆ ಜಾಗ ಎಳೆದರೂ ತಕರಾರು, 'ಧ' ಒಂದು ಕಡೆ, ಅದರ ಅರ್ಕಾವತ್ತು ಅನಾಥವಾಗಿ ಇನ್ನೊಂದು ಕಡೆ. ಆ ತೆಳ್ಳಗಿನ, ದೂರ ದೂರ ನಿಂತ ಚೆಂದ ನಮ್ಮ ದುಂಡು ಲಿಪಿಯದ್ದಲ್ಲ ಅಂತ ನನಗೆ ಆವತ್ತೇ ಅನ್ನಿಸಿತು.

ದುಡ್ಡು ವಾಪಸ್ ಕೇಳಿದೆವು. ಡೌನ್‌ಲೋಡ್ ಆದ ಮೇಲೆ ಇಲ್ಲವಂತೆ.

ಫೋನ್ ಆ್ಯಪ್ ಬಗ್ಗೆ ಹೇಳುವುದಾದರೆ, ಅದು ಅಷ್ಟು ಕೆಟ್ಟದ್ದಲ್ಲ. ಒತ್ತಕ್ಷರ ಸರಿಯಾಗಿ ಬರುತ್ತದೆ, ಬಸ್ಸಲ್ಲಿ ಕೂತು ಕೂಡ ಕೆಲಸ ಮಾಡಬಹುದು. ಆದರೆ ಪುಕ್ಕಟೆ ಬಳಸಿದರೆ ಮೂಲೆಯಲ್ಲಿ ಅವರ ಮುದ್ರೆ. ಕೊಲೆಗಾರನ ಹೆಜ್ಜೆ ಪಕ್ಕ ಬಣ್ಣದ ಲೋಗೋ ಇದ್ದರೆ ಯಾರು ಹೆದರುತ್ತಾರೆ ಹೇಳಿ. ಚೆಂದದ ಹಳೇ ಆಸ್ಕಿ ಫಾಂಟ್ ಹಾಕಲು ಹೋದೆವು, ಹಿಡಿಸಲಿಲ್ಲ. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ, ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಅದಕ್ಕೆ ಅರ್ಥವಾಗುವುದಿಲ್ಲ. ಹುಟ್ಟುಹಬ್ಬದ ಸ್ಟೇಟಸ್‌ಗೆ ಆ್ಯಪ್ ಸಾಕು.

ಇನ್ನು ಶೇಡಿ. ಕ್ಲಾಸಿನಲ್ಲಿ ಒಮ್ಮೆ 1995ರ ಹಾಲಿವುಡ್ ಥ್ರಿಲ್ಲರ್ 'ಸೆವೆನ್' ಚಿತ್ರದ ಟೈಟಲ್ ತೋರಿಸಿದ್ದರು. ಕೈಲ್ ಕೂಪರ್ ಮಾಡಿದ್ದು. ಅದರ ಅಕ್ಷರಗಳನ್ನು ಕೈಯಿಂದ ಗೀರಿ ಬರೆದದ್ದು ಅಂತ ಆಗ ಕೇಳಿ ಸುಮ್ನೆ ತಲೆ ಆಡಿಸಿದ್ದೆ. ಪ್ಯಾಕ್ ಕೈಕೊಟ್ಟ ವಾರ ಊರಿಗೆ ಹೋದಾಗ, ಅಟ್ಟದ ಡಬ್ಬಿಯಲ್ಲಿ ಹೋದ ವರ್ಷ ಉಳಿದ ಶೇಡಿ ಕಂಡಿತು, ಆಗ ಅದು ನೆನಪಾಯಿತು. "ಎಂತಕ್ಕಾ ಈಗ ಶೇಡಿ? ದೀಪಾವಳಿಗೆ ಇನ್ನೂ ಎಷ್ಟು ದಿನ ಇದ್ದು!" ಅಂದರು ಅಮ್ಮಮ್ಮ. ಸಿನಿಮಾಕ್ಕೆ ಅಂದೆ. ಪುಂಡಿ ನಾರಿನ ಕುಂಚವನ್ನೂ ತಾವೇ ಹುಡುಕಿ ಕೊಟ್ಟರು.

ಕಪ್ಪು ಬಣ್ಣ ಹಚ್ಚಿದ ಎರಡು ಅಡಿ ಪ್ಲೈವುಡ್ ತುಂಡಿನ ಮೇಲೆ ಶೇಡಿ ಕಲಸಿ ಸಿನಿಮಾ ಹೆಸರು ಬರೆದೆವು. ಹಲಗೆಯನ್ನು ಗೋಡೆಗೆ ಒರಗಿಸಿ, ಮೇಲಿನಿಂದ ಲೋಟದಲ್ಲಿ ನಿಧಾನ ನೀರು ಬಿಟ್ಟು, ಅಕ್ಷರ ಕರಗಿ ಇಳಿಯುವುದನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆದೆವು. ಎಡಿಟಿಂಗ್‌ನಲ್ಲಿ ಅದನ್ನೇ ಹಿಂದುಮುಂದು ಮಾಡಿದೆವು. ಕೆಳಗೆ ಚೆಲ್ಲಿದ ಬಿಳಿ ನೀರು ಗೆರೆ ಗೆರೆಯಾಗಿ ಮೇಲೆ ಹತ್ತುತ್ತದೆ, ಹತ್ತಿ 'ಧ' ಆಗುತ್ತದೆ. ಒತ್ತು ಕೆಳಗಿರುವುದರಿಂದ ನೀರು ಮೊದಲು ಅದನ್ನೇ ಮುಟ್ಟುತ್ತದೆ, ಕೆಳಗಿನ ಸಣ್ಣ 'ಜ' ಮೂಡಿ ಒಂದು ಕ್ಷಣ ಒಂಟಿಯಾಗಿ ನಿಲ್ಲುತ್ತದೆ, ಆಮೇಲೆ ಅದರ ತಲೆ ಮೇಲೆ ದೊಡ್ಡ 'ಜೆ'. ಪ್ಯಾಕಿನಲ್ಲಿ ತಪ್ಪಾಗಿ ಕಂಡದ್ದೇ ಇಲ್ಲಿ ಹೆದರಿಕೆ ಹುಟ್ಟಿಸಿತು. ನಾವು ಯೋಚಿಸಿ ಮಾಡಿದ್ದಲ್ಲ, ಸುಮ್ನೆ ಆಗಿದ್ದು.

ಶೇಡಿಗೂ ಕಿರಿಕಿರಿ ಇದೆ. ಕಾರವಾರದ ಜುಲೈನಲ್ಲಿ ಯಾವುದೂ ಒಣಗುವುದಿಲ್ಲ, ಬಟ್ಟೆಯೇ ಒಣಗುವುದಿಲ್ಲ ಅಂದಮೇಲೆ ಶೇಡಿ ಎಲ್ಲಿ. ಗೆಳತಿಯ ಹೇರ್ ಡ್ರೈಯರ್ ಹಿಡಿದು ಒಣಗಿಸಿದೆವು. ದಪ್ಪ ಕಲಸಿದರೆ ಒಣಗಿ ಹಪ್ಪಳದ ಹಾಗೆ ಎದ್ದು ಬರುತ್ತದೆ, ತೆಳು ಮಾಡಿದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಒಂದು ಟೇಕ್ ಹಾಳಾದರೆ ತೊಳೆದು, ಒಣಗಿಸಿ, ಮತ್ತೆ ಬರೆಯಲು ಮುಕ್ಕಾಲು ಗಂಟೆ. ನಮಗೆ ಹನ್ನೊಂದು ಟೇಕ್ ಹಿಡಿಯಿತು. ಮೊದಲ ಮೂರು ಟ್ಯೂಬ್‌ಲೈಟ್ ಕೆಳಗೆ ತೆಗೆದು ಕೆಡಿಸಿದೆವು, ಸ್ಲೋ ಮೋಷನ್‌ನಲ್ಲಿ ಬೆಳಕು ಮಿಣುಕುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುವುದು ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುತ್ತದೆ. ಉಳಿದದ್ದನ್ನು ಮಧ್ಯಾಹ್ನ ಜಗಲಿಯಲ್ಲಿ, ಮೋಡದ ಬೆಳಕಲ್ಲಿ ತೆಗೆದೆವು.

ಎಂಟು ಹೆಸರನ್ನೂ ಶೇಡಿಯಲ್ಲಿ ಬರೆಯುವ ತಾಳ್ಮೆ ಯಾರಿಗೂ ಇರಲಿಲ್ಲ. ಅವನ್ನು ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ, ಎಡಿಟಿಂಗ್ ತಂತ್ರಾಂಶ ಡವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಗೆ ಚಿತ್ರವಾಗಿಯೇ ತಂದೆವು. ಅಕ್ಷರ ಚಿತ್ರವಾದ ಮೇಲೆ ಯಾವ ತಂತ್ರಾಂಶವೂ ಒತ್ತು ಒಡೆಯುವ ಹಾಗಿಲ್ಲ. ಎರಡಕ್ಕೂ ದುಡ್ಡಿಲ್ಲ, ಮುದ್ರೆಯೂ ಇಲ್ಲ. ಒಂದು ಹೆಸರು ಪರದೆ ಮೇಲೆ ಎಷ್ಟು ಹೊತ್ತು ಇರಬೇಕು ಅನ್ನುವುದಕ್ಕೆ ನಮ್ಮ ಲೆಕ್ಕ, ಆರಾಮಾಗಿ ಎರಡು ಸಲ ಓದಿ ಮುಗಿಯುವಷ್ಟು.

ಹಾಗಾದರೆ ಯಾವುದು? ಸಿನಿಮಾ ಹೆಸರು ಇಂಗ್ಲಿಷ್‌ನಲ್ಲೇ ಇದ್ದರೆ, ನಾಳೆಯೇ ಸಲ್ಲಿಸಬೇಕಿದ್ದರೆ, ಪ್ಯಾಕ್ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲು ಒಂದು ಒತ್ತಕ್ಷರ, ಒಂದು ಅರ್ಕಾವತ್ತು ಇರುವ ಪದವನ್ನು ಪುಕ್ಕಟೆ ಮಾದರಿಯಲ್ಲಿ ಹಾಕಿ ನೋಡಿ. ನನಗೆ ಕೈ ಕೊಳೆ ಮಾಡಿಕೊಳ್ಳುವ ಅಭ್ಯಾಸ ಇದೆ, ತಿಂಗಳ ಕೊನೆಗೆ ಜೇಬಲ್ಲಿ ಬಸ್ ಚಾರ್ಜ್ ಬಿಟ್ಟು ಏನೂ ಇರುವುದಿಲ್ಲ. ನಮಗೆ ಶೇಡಿಯ ಒಟ್ಟು ಖರ್ಚು ಪ್ಲೈವುಡ್ ಮತ್ತು ಬಣ್ಣ ಸೇರಿ 180 ರೂಪಾಯಿ. ಹಲಗೆ ಇನ್ನೂ ರೂಮಿನಲ್ಲೇ ಇದೆ, ಹನ್ನೊಂದನೇ ಟೇಕಿನ ಬಿಳಿ ಗೆರೆ ಹಾಗೇ ಉಳಿದಿದೆ. ಅಮ್ಮಮ್ಮನಿಗೆ ಶೇಡಿ ಡಬ್ಬಿ ವಾಪಸ್ ಕೊಡಬೇಕು, ದೀಪಾವಳಿ ಹತ್ತಿರ ಬಂತು.